ನೆರೆಯವರ ನುಡಿ ಕಲಿತವರು

ಕಾರವಾರದ ಟಾಗೋರ್ ಕಡಲತೀರ ರವೀಂದ್ರನಾಥರನ್ನು ನೆನಪಿಸುತ್ತದೆ. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬಂಗಾಳಿ ಮನೆಮಾತಿನ ಅವರು ದೊಡ್ಡವರಾದ ಮೇಲೆ ಮರಾಠಿ ಕಲಿತು, ತುಕಾರಾಮರ ಅಭಂಗಗಳನ್ನು ಬಂಗಾಳಿಗೆ ತಂದರು.

ಅದಕ್ಕೂ ಎಂಟು ಶತಮಾನ ಹಿಂದೆ ಇದೇ ಹಾದಿ ತುಳಿದವರು ಮುಸ್ಲಿಂ ವಿದ್ವಾಂಸ ಅಲ್ ಬಿರೂನಿ. 973ರಲ್ಲಿ ಹುಟ್ಟಿದ ಅವರು ನಲವತ್ತು ದಾಟಿದ ಮೇಲೆ ಸಂಸ್ಕೃತ ಕಲಿತರು. ಒಂದೇ ವಸ್ತುವಿಗೆ ಹಲವು ಹೆಸರು, ನಾಲಿಗೆಗೆ ಒಗ್ಗದ ಉಚ್ಚಾರ. ಆದರೂ ಬಿಡದೆ ಗ್ರಂಥ ಹುಡುಕಿದರು, ಪಂಡಿತರನ್ನು ಕೇಳಿದರು. 1030ರ ಸುಮಾರಿಗೆ ಬರೆದ ‘ಕಿತಾಬುಲ್ ಹಿಂದ್’ನಲ್ಲಿ ಹಿಂದೂಗಳ ನಂಬಿಕೆಗಳನ್ನು ಗಾಳಿಮಾತಿನಿಂದಲ್ಲ, ಅವರದೇ ಗ್ರಂಥಗಳಿಂದ ವಿವರಿಸಿದರು.

ಕಾರವಾರ, ಅಂಕೋಲೆಯ ಬೀದಿಗಳಲ್ಲಿ ಕನ್ನಡ, ಕೊಂಕಣಿ, ಉರ್ದು, ಮರಾಠಿ ಒಟ್ಟಿಗೆ ಕೇಳಿಸುತ್ತವೆ. ನೆರೆಯವರ ಬಗ್ಗೆ ಯಾರೋ ಹೇಳಿದ್ದನ್ನು ನಂಬುವ ಮೊದಲು ಅವರ ಮಾತನ್ನೇ ಕಲಿಯೋಣ. ಅದಕ್ಕೆ ವಯಸ್ಸು ಅಡ್ಡಿಯಲ್ಲ.