ಜೂಜಿನ ಕಟ್ಟಳೆ: ಕಲ್ಯಾಣದ ಸಭಿಕನಿಂದ ಮಂಗಳೂರಿನ ರಮ್ಮಿ ಮೇಜಿನವರೆಗೆ

ಮಂಗಳೂರಿನ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ‘ಉಲಾಯಿ–ಪಿದಾಯಿ’ ಎಂಬ ಜೋಡಿಪದ ಆಗಾಗ ಕಣ್ಣಿಗೆ ಬೀಳುತ್ತದೆ. ಬೇರೆ ಕಡೆ ಅಂದರ್–ಬಾಹರ್ ಎನ್ನುವ ಎಲೆಯಾಟಕ್ಕೆ ತುಳುವರು ಇಟ್ಟ ಹೆಸರು ಅದು. ಸುದ್ದಿಯ ಅಚ್ಚು ಎಂದೂ ಬದಲಾಗುವುದಿಲ್ಲ: ಗುಡ್ಡದ ಬದಿಯಲ್ಲೋ ಮನೆಯೊಂದರ ಹಿಂದೆಯೋ ಆಟ, ಪೊಲೀಸರ ದಾಳಿ, ಇಷ್ಟು ಮಂದಿಯ ಸೆರೆ, ಇಷ್ಟು ನಗದು, ಇಸ್ಪೀಟು ಎಲೆ, ನೆಲಕ್ಕೆ ಹಾಸಿದ್ದ ಹಳೇ ಪೇಪರು ವಶ. ಆ ಪೇಪರಿನ ಸುತ್ತ ಕೂತವರು ಒಬ್ಬರನ್ನೊಬ್ಬರು ಯಾವ ಧೈರ್ಯದ ಮೇಲೆ ನಂಬಿದ್ದರು ಎಂಬುದು ಮಾತ್ರ ಸುದ್ದಿಯಲ್ಲಿ ಬರುವುದಿಲ್ಲ. ಗೆದ್ದವನಿಗೆ ಹಣ ಕೊಡಿಸುವ ಕೋರ್ಟಿಲ್ಲ. ಮೋಸ ಹೋದವನು ಠಾಣೆ ಹತ್ತಿದರೆ ಮೊದಲ ಆರೋಪಿ ಅವನೇ. ಆದರೂ ಆಟ ನಡೆಯುತ್ತದೆ, ಬಹುತೇಕ ಸಲ ಲೆಕ್ಕ ಅಲ್ಲೇ ಚುಕ್ತಾ ಆಗುತ್ತದೆ. ಜೂಜು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ಆಗಿದೆ. ಜೂಜಿನೊಳಗಿನ ನ್ಯಾಯವನ್ನು ಯಾರು ಕಾಯುತ್ತಾರೆ ಎಂಬ ಪ್ರಶ್ನೆಗೂ ಅಷ್ಟೇ ಉದ್ದದ ಚರಿತ್ರೆಯಿದೆ, ಅದರ ಒಂದು ಮುಖ್ಯ ಅಧ್ಯಾಯ ಕನ್ನಡ ನೆಲದಲ್ಲೇ ನಡೆದದ್ದು.

ಋಗ್ವೇದದ ಹತ್ತನೇ ಮಂಡಲದ ಅಕ್ಷಸೂಕ್ತದಲ್ಲಿ ತಾರೆಕಾಯಿಯ ದಾಳಕ್ಕೆ ಮನೆ, ಹೆಂಡತಿ ಎಲ್ಲ ಕಳೆದುಕೊಂಡವನ ಗೋಳಿದೆ, ನಿಯಮದ ಮಾತಿಲ್ಲ. ನಿಯಮದ ಜಗಳ ಶುರುವಾಗುವುದು ಮಹಾಭಾರತದ ಸಭಾಪರ್ವದಲ್ಲಿ. ಶಕುನಿಯ ದಾಳ ಅವನ ತಂದೆಯ ಮೂಳೆಯದು ಎಂಬ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಆದರೆ ಅದು ಜನಪದರು ಸೇರಿಸಿದ್ದು. ವ್ಯಾಸಭಾರತ ಅವನು ಕಪಟದಿಂದ ಗೆದ್ದ ಎಂದು ಮತ್ತೆ ಮತ್ತೆ ಹೇಳುತ್ತದೆ, ಕಪಟ ಎಂಥದು ಎಂದು ಬಿಡಿಸುವುದಿಲ್ಲ. ಬದಲಿಗೆ ಎರಡು ನಿಯಮಗಳ ತಕರಾರನ್ನು ಬಿಡಿಸಿ ಹೇಳುತ್ತದೆ. ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಯುಧಿಷ್ಠಿರ ಆಕ್ಷೇಪಿಸುತ್ತಾನೆ, ಆಮೇಲೆ ಕೂತು ಆಡುತ್ತಾನೆ. ಕರೆದಾಗ ಹಿಂದೆಗೆಯಬಾರದೆಂಬ ಕ್ಷತ್ರಿಯರ ಮರ್ಯಾದೆ ಆಟದ ನಿಯಮವನ್ನು ತುಳಿದ ಗಳಿಗೆ ಅದು. ಎರಡನೆಯದು ದ್ರೌಪದಿಯ ಪ್ರಶ್ನೆ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿಯದು? ಧರ್ಮಸೂಕ್ಷ್ಮವೆಂದು ಭೀಷ್ಮ ಜಾರಿಕೊಂಡದ್ದು ನಿಜಕ್ಕೂ ಆಟದ ಕಟ್ಟಳೆಯ ಪ್ರಶ್ನೆ. ಆಟ ಶುರುವಾಗುವ ಮುಂಚೆ ಯಾರಾದರೂ ಆ ಮಾತು ತೆಗೆದಿದ್ದರೆ ಸಭೆಗೆ ಅಷ್ಟು ತಿಣುಕುವ ಪ್ರಸಂಗ ಬರುತ್ತಿರಲಿಲ್ಲ. ಕರಾವಳಿಯ ಯಕ್ಷಗಾನದಲ್ಲಿ ಈ ಪ್ರಸಂಗ ಆಡುವಾಗ ಒಳ್ಳೆಯ ಅರ್ಥಧಾರಿಗಳು ವಸ್ತ್ರಾಪಹಾರಕ್ಕಿಂತ ಈ ವಾದಕ್ಕೇ ಹೆಚ್ಚು ಹೊತ್ತು ಕೊಡುವುದು ಸುಮ್ಮನೆ ಅಲ್ಲ.

ಧರ್ಮಶಾಸ್ತ್ರಕಾರರು ಇಲ್ಲಿ ಎರಡು ದಾರಿ ಹಿಡಿದರು. ಜೂಜನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದು ಮನು. ಒಂದೇ ಕಡೆ, ಕಣ್ಣೆದುರಿಗೆ ಆಡಿಸಬೇಕೆಂದು ಕೌಟಿಲ್ಯ. ಅರ್ಥಶಾಸ್ತ್ರದ ದ್ಯೂತಾಧ್ಯಕ್ಷ ಸರ್ಕಾರಿ ದಾಳವನ್ನು ಬಾಡಿಗೆಗೆ ಕೊಡುತ್ತಾನೆ, ಗೆದ್ದ ಹಣದಲ್ಲಿ ನೂರಕ್ಕೆ ಐದು ತೆಗೆದುಕೊಳ್ಳುತ್ತಾನೆ. ಬೇರೆ ಜಾಗದಲ್ಲಿ ಆಡಿದರೆ 12 ಪಣ ದಂಡ, ದಾಳ ಬದಲಿಸಿದರೂ 12 ಪಣ. ಕೈಚಳಕದ ಮೋಸಕ್ಕೆ ಇನ್ನೂ ದೊಡ್ಡ ದಂಡ, ಮೇಲಾಗಿ ಗೆದ್ದದ್ದನ್ನು ಕಿತ್ತುಕೊಳ್ಳುವುದು. ಕಳ್ಳರ ಸುಳಿವು ಸಿಗಲೆಂದು ಈ ಏರ್ಪಾಡು ಎಂದು ಅವನೇ ಒಪ್ಪುತ್ತಾನೆ, ದಾಕ್ಷಿಣ್ಯವಿಲ್ಲ.

ಯಾಜ್ಞವಲ್ಕ್ಯ ಸ್ಮೃತಿ ಕೌಟಿಲ್ಯನ ದಾರಿಯಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ ಸ್ಮೃತಿಗೆ ದೇಶದ ಬಹುಭಾಗ ಒಪ್ಪಿದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಅವನ ‘ಮಿತಾಕ್ಷರಾ’ ಎಂದರೆ ಇಂದಿನ ವಕೀಲರಿಗೆ ಹಿಂದೂ ಆಸ್ತಿ ಪಾಲಿನ ಗ್ರಂಥ. ಅದರಲ್ಲೊಂದು ದ್ಯೂತಪ್ರಕರಣವಿದೆ ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. ಜೂಜುಕಟ್ಟೆ ನಡೆಸುವವನು ಸಭಿಕ. ನೂರು ಮತ್ತು ಅದಕ್ಕೆ ಮೇಲ್ಪಟ್ಟ ಗೆಲುವಿಗೆ ಅವನ ಪಾಲು ನೂರಕ್ಕೆ ಐದು, ಉಳಿದವರಿಂದ ಹತ್ತು. ರಾಜನಿಗೆ ಪಾಲು ಕೊಟ್ಟು ರಕ್ಷಣೆ ಪಡೆಯುವ ಸಭಿಕನ ಮೇಲೆ ಒಂದು ಹೊಣೆಯೂ ಉಂಟು: ಸೋತವನಿಂದ ವಸೂಲಿ ಮಾಡಿ ಗೆದ್ದವನ ಕೈಗೆ ಮುಟ್ಟಿಸಬೇಕು. ರಾಜನಿಗೆ ಪಾಲು ಸಂದ, ಸಭಿಕನಿರುವ, ಎಲ್ಲರಿಗೂ ಗೊತ್ತಿರುವ ಕಟ್ಟೆಯಲ್ಲಿ ಗೆದ್ದದ್ದನ್ನು ಮಾತ್ರ ರಾಜ ಕೊಡಿಸಬೇಕು, ಗುಟ್ಟಾಗಿ ಆಡಿದ್ದನ್ನು ಕೊಡಿಸಬೇಕಾಗಿಲ್ಲ. ಜೂಜಿನ ವ್ಯಾಜ್ಯಕ್ಕೆ ಸಾಕ್ಷಿಗಳೂ ತೀರ್ಪುಗಾರರೂ ಜೂಜುಗಾರರೇ. ಬೇರೆ ವ್ಯವಹಾರಗಳಲ್ಲಿ ಜೂಜುಗಾರನ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎನ್ನುವ ಶಾಸ್ತ್ರ ಇಲ್ಲಿ ಮಾತ್ರ ಅವರನ್ನೇ ಕೂರಿಸಿದೆ. ಯಾಕೆಂದರೆ ಮೋಸ ಎಲ್ಲಿ ಹೇಗೆ ನಡೆಯುತ್ತದೆಂದು ಬಲ್ಲವರು ಅವರೇ ತಾನೆ. ಕಳ್ಳದಾಳ ಹಾಕಿದವನಿಗೆ ಮೈಮೇಲೆ ಗುರುತು ಒತ್ತಿ ಗಡೀಪಾರು. ಪ್ರಾಣಿಗಳ ಕಾದಾಟಕ್ಕೆ ಕಟ್ಟುವ ಪಣಕ್ಕೂ ಇದೇ ವಿಧಿ. ನನ್ನ ಮಟ್ಟಿಗೆ ಇಡೀ ಪರಂಪರೆಯಲ್ಲಿ ಹೆಚ್ಚು ತಿಳಿದು ಬರೆದ ಪ್ರಕರಣ ಇದು. ಇದಾದ ಕೆಲವೇ ದಶಕಗಳಲ್ಲಿ, ಸುಮಾರು 1130ರಲ್ಲಿ, ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗ, ದಾಳದಾಟ, ಕೋಳಿಕಾಳಗಗಳನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದ.

ತುಳುನಾಡಿಗೆ ಬಂದರೆ ಕಟ್ಟಳೆ ತಾಳೆಗರಿಯಲ್ಲಿಲ್ಲ, ಬಾಯಲ್ಲಿದೆ. ಚೆನ್ನೆಮಣೆ ಹಣದ ಆಟವಲ್ಲ. ಏಳೇಳರ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ, ಆಟಿ ತಿಂಗಳ ಮಳೆಯಲ್ಲಿ ಹೊತ್ತು ಕಳೆಯುವ ದಾರಿ. ಆದರೂ ಆಟದ ಜಗಳ ಎಲ್ಲಿಗೆ ಮುಟ್ಟಬಹುದೆಂದು ತೋರಿಸುವ ಕಥೆ ಇದಕ್ಕೇ ಅಂಟಿಕೊಂಡಿದೆ. ಸಿರಿ ಪಾಡ್ದನದಲ್ಲಿ ಅವಳಿ ಹೆಣ್ಣುಮಕ್ಕಳಾದ ಅಬ್ಬಗ–ದಾರಗ ಚೆನ್ನೆಯಾಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಲ್ಲೇ ಇನ್ನೊಬ್ಬಳ ತಲೆಗೆ ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜತೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದೆಂದು ಹಿರಿಯರು ಗದರುವುದಕ್ಕೆ ಈ ಕಥೆಯೇ ಆಧಾರ.

ಹಣದ ಕಟ್ಟಳೆ ಗಟ್ಟಿಯಾಗಿ ಬೆಳೆದದ್ದು ಕೋರಿದ ಕಟ್ಟದಲ್ಲಿ, ಅಂದರೆ ಕೋಳಿ ಅಂಕದಲ್ಲಿ. ಜಾತ್ರೆ, ನೇಮದ ಬೆನ್ನಿಗೆ ಗದ್ದೆಯಲ್ಲಿ ಜನ ಸೇರುತ್ತಾರೆ. ಬೊಳ್ಳೆ, ಕೆಮ್ಮೈರೆ, ಉರಿಯೆ, ಕಕ್ಕೆ ಎಂದು ಕೋಳಿಯ ಬಣ್ಣ ನೋಡುತ್ತಾರೆ. ಯಾವ ದಿನ, ಯಾವ ಹೊತ್ತಿಗೆ ಯಾವ ಬಣ್ಣಕ್ಕೆ ಜಯವೆಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ಜೋಡಿ ಕುದುರುವುದು ಎರಡೂ ಕಡೆಯ ಒಡೆಯರು ಒಪ್ಪಿದ ಮೇಲೆ. ಕಾಲಿಗೆ ಬಾಳು, ಅಂದರೆ ಚೂಪು ಕತ್ತಿ, ಕಟ್ಟುವುದು ಆ ಕೆಲಸದಲ್ಲಿ ಪಳಗಿದವರು. ಸತ್ತ ಅಥವಾ ಬೆನ್ನು ತೋರಿಸಿದ ಕೋಳಿ ಸೋತಂತೆ, ಸೋತ ಕೋಳಿ ಗೆದ್ದವನಿಗೆ. ಇದು ಒಡೆಯರ ಲೆಕ್ಕ. ಸುತ್ತ ನಿಂತವರ ಪಣ ಬೇರೆ: ಗುರುತಿಲ್ಲದವನ ಕಡೆಗೂ ಕೈ ಎತ್ತಿ ಮೊತ್ತ ಕೂಗುವುದು, ಅವನು ತಲೆಯಾಡಿಸಿದರೆ ಒಪ್ಪಂದ. ಚೀಟಿಯಿಲ್ಲ, ಸಹಿಯಿಲ್ಲ. ಸೋತವನು ಹಣ ಕೊಡದೆ ಜಾರಿದರೆ ಮುಂದಿನ ಗದ್ದೆಯಲ್ಲಿ ಅವನ ಕೂಗಿಗೆ ಯಾರೂ ತಲೆಯಾಡಿಸುವುದಿಲ್ಲ. ಬಾಳಿಗೆ ಏನಾದರೂ ಸವರಿದ್ದಾನೆಯೇ, ಬೇಕೆಂದೇ ಸೊರಗಿದ ಕೋಳಿ ಬಿಟ್ಟನೇ ಎಂಬ ಅನುಮಾನ ಎದ್ದರೂ ಅಲ್ಲಿನ ಹಿರಿಯರ ಮಾತೇ ಕೊನೆ.

ಬಾಲಿ ದ್ವೀಪದ ಕೋಳಿ ಅಂಕದ ಬಗ್ಗೆ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1973ರಲ್ಲಿ ಪುಸ್ತಕದಲ್ಲಿ ಸೇರಿಸಿದ ಪ್ರಬಂಧ ಓದಿದರೆ ಇದೇ ಚಿತ್ರ. ಅಲ್ಲಿ ನಿಯಮಗಳು ಓಲೆಗರಿಯಲ್ಲಿವೆ. ತೂತು ಕೊರೆದ ತೆಂಗಿನ ಗೆರಟೆ ನೀರಲ್ಲಿ ಮುಳುಗುವಷ್ಟರಲ್ಲಿ, ಹೆಚ್ಚುಕಡಿಮೆ 21 ಸೆಕೆಂಡು, ಸುತ್ತಿನ ಲೆಕ್ಕ. ತೀರ್ಪುಗಾರನ ಮಾತನ್ನು ಸೋತವರು ಪ್ರಶ್ನಿಸಿದ್ದನ್ನು ತಾನು ಕಂಡೇ ಇಲ್ಲ ಎನ್ನುತ್ತಾನೆ ಗೀರ್ಟ್ಸ್. ಆ ಆಟವೂ ಕಾನೂನುಬಾಹಿರವೇ ಆಗಿತ್ತು; ಪ್ರಬಂಧದ ಮೊದಲಲ್ಲೇ ಪೊಲೀಸ್ ದಾಳಿಯಿಂದ ಅವನೂ ಹೆಂಡತಿಯೂ ಓಡುತ್ತಾರೆ.

ಕೋರ್ಟು ಜೂಜಿನಿಂದ ಕೈತೊಳೆದುಕೊಂಡದ್ದು ಬ್ರಿಟಿಷರ ಕಾಲದಲ್ಲಿ. 1848ರಲ್ಲಿ ಪ್ರಿವಿ ಕೌನ್ಸಿಲ್, ಅಫೀಮು ಹರಾಜಿನ ಬೆಲೆಯ ಮೇಲೆ ವರ್ತಕರು ಕಟ್ಟಿದ್ದ ಪಣ ಊರ್ಜಿತ ಎಂದಿತು. ಅದೇ ವರ್ಷ ಪಣದ ಒಪ್ಪಂದಗಳನ್ನು ಅನೂರ್ಜಿತಗೊಳಿಸುವ ಕಾಯ್ದೆ ಬಂತು, 1872ರ ಕರಾರು ಕಾಯ್ದೆಯ 30ನೇ ಕಲಮು ಅದನ್ನು ಗಟ್ಟಿ ಮಾಡಿತು. ಗೆದ್ದ ಹಣಕ್ಕೆ ದಾವೆ ಹೂಡುವಂತಿಲ್ಲ. ಪಣ ಅನೂರ್ಜಿತವೇ ಹೊರತು ಕಾನೂನುಬಾಹಿರವಲ್ಲ ಎಂದು 1959ರಲ್ಲಿ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ‘ಕೊಡುವುದಿಲ್ಲ, ಏನು ಮಾಡುತ್ತೀ’ ಎನ್ನುವವನ ಬೆನ್ನಿಗೆ ಕಾನೂನು ನಿಂತಿದೆ. ಇನ್ನೊಂದು ಕಡೆಯಿಂದ ಪೊಲೀಸು. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ 1930ರ ಮದ್ರಾಸ್ ಗೇಮಿಂಗ್ ಕಾಯ್ದೆ ಇತ್ತು. 1956ರ ನವೆಂಬರ್ 1ರ ಬಳಿಕ ಮಂಗಳೂರು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ. ಹಾಗಾಗಿ ಈಚೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ, ಆಚೆ 1960ರ ಕೇರಳ ಗೇಮಿಂಗ್ ಕಾಯ್ದೆ. ಕೋಳಿಗೆ ಮಾತ್ರ ಎರಡೂ ಕಡೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಕಂಬಳಕ್ಕೆ ಸಿಕ್ಕಿದ, 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ವಿನಾಯಿತಿ ಅಂಕಕ್ಕೆ ಸಿಗಲಿಲ್ಲ.

ಇದರ ಫಲ ಏನಾಯಿತೆಂದು ಉಲಾಯಿ–ಪಿದಾಯಿಯಲ್ಲಿ ನೋಡಬಹುದು. ನಡುವೆ ಒಂದು ಎಲೆ ತೆರೆದಿಟ್ಟು, ಒಳಗೆ ಹೊರಗೆ ಎಂದು ಒಂದೊಂದೇ ಎಲೆ ಹಾಕುತ್ತಾ, ಅದೇ ಅಂಕೆಯ ಎಲೆ ಯಾವ ಬದಿಗೆ ಬೀಳುತ್ತದೋ ಆ ಬದಿಗೆ ಗೆಲುವು. ಬುದ್ಧಿವಂತಿಕೆಗೆ ಜಾಗವೇ ಇಲ್ಲ. ಮೊದಲ ಎಲೆ ಬೀಳುವ ಬದಿಗೆ ನೂರಕ್ಕೆ ಐವತ್ತೊಂದೂವರೆಯಷ್ಟು ಅವಕಾಶ. ಮೊದಲು ಯಾವ ಬದಿಗೆ ಹಾಕುವುದೆಂದು ನಿಶ್ಚಯಿಸುವವನು ಯಾರು, ಎಲೆ ಕಲಸುವವನು ಯಾರು, ಕಟ್ ಮಾಡುವವನು ಯಾರು ಎಂಬುದರಲ್ಲೇ ಆಟದ ನ್ಯಾಯವೆಲ್ಲ ಅಡಗಿದೆ. ಜಾತ್ರೆಯ ಮೂಲೆಯಲ್ಲಿ ಆರು ಚಿತ್ರದ ಹಾಸು ಬಿಡಿಸಿ ಡಬ್ಬಿಯಲ್ಲಿ ದಾಳ ಕುಲುಕುವ ಜುಗಾರಿಯವನಿಗೆ ಮೋಸದ ಅಗತ್ಯವೂ ಇಲ್ಲ. ಮೂರು ದಾಳ, ಬಿದ್ದಷ್ಟಕ್ಕೆ ಅಷ್ಟು ಪಟ್ಟು ಎಂದರೆ ನೂರು ರೂಪಾಯಿಗೆ ಸರಾಸರಿ ಎಂಟು ರೂಪಾಯಿಯಷ್ಟು ಅವನ ಜೇಬಿಗೇ ಬೀಳುತ್ತದೆ. ಆದರೂ ಕೆಲವರು ಭಾರ ತುಂಬಿದ ದಾಳ ಇಟ್ಟುಕೊಳ್ಳುತ್ತಾರೆ, ಅತಿಯಾಸೆ. ದಾಳಿಗೆ ಹೆದರಿ ಜಾಗ ಬದಲಿಸುತ್ತಲೇ ಇರುವ ಆಟಕ್ಕೆ ಹೆಸರು ಕೆಡುವ ಭಯವಿಲ್ಲ. ಕಲ್ಯಾಣದ ಸಭಿಕ ತೆಗೆದುಕೊಳ್ಳುತ್ತಿದ್ದ ಐದು ಪಾಲು ಇಲ್ಲಿ ಕಮಿಷನ್ ಎಂದು ಉಳಿದಿದೆ, ಅವನ ಹೊಣೆ ಮಾಯವಾಗಿದೆ.

ಪಗಡೆಯ ದೂರದ ನೆಂಟನಾದ ಬ್ಯಾಕ್‌ಗ್ಯಾಮನ್ ಈ ತೊಡಕನ್ನು ಹೇಗೆ ಬಿಡಿಸಿಕೊಂಡಿತು ಎಂಬುದು ಇಲ್ಲಿ ಉಪಯುಕ್ತ. ಪಣವನ್ನು ಇಮ್ಮಡಿಗೊಳಿಸುವ ಘನ 1920ರ ದಶಕದಲ್ಲಿ ನ್ಯೂಯಾರ್ಕ್ ಕ್ಲಬ್ಬುಗಳಲ್ಲಿ ಹುಟ್ಟಿ ಒಂದು ಕೈಯ ಪಣ ಅರವತ್ನಾಲ್ಕು ಪಟ್ಟಿಗೂ ಏರುವಂತಾದಾಗ, ಬಾಯಿಮಾತು ಸಾಲದೆ 1931ರಲ್ಲಿ ಅಲ್ಲಿನ ರ‍್ಯಾಕೆಟ್ ಅಂಡ್ ಟೆನಿಸ್ ಕ್ಲಬ್ ನಿಯಮಗಳನ್ನು ಅಚ್ಚು ಹಾಕಿಸಿತು. ದಾಳ ಬಟ್ಟಲಿನಿಂದಲೇ ಬೀಳಬೇಕು, ಆಟಗಾರನ ಬಲಗಡೆಯ ಹಲಗೆಯಲ್ಲಿ ಸಪಾಟಾಗಿ ನಿಲ್ಲಬೇಕು, ಕಾಯಿಗೆ ಒರಗಿ ನಿಂತರೆ ಮತ್ತೆ ಹಾಕಬೇಕು, ದಾಳ ಎತ್ತಿಕೊಂಡರೆ ಸರದಿ ಮುಗಿಯಿತು. ನಮ್ಮ ಚೌಕಾಬಾರದಲ್ಲಿ ಕವಡೆ ಓರೆಯಾಗಿ ನಿಂತಾಗ ಏಳುವ ಗಲಾಟೆಗೆ ಅಲ್ಲಿ ಬರಹದ ಉತ್ತರವಿದೆ. ಅದಕ್ಕಿಂತ ಕುತೂಹಲದ ಸಂಗತಿ, ಕೆಲವು ನಿಯಮಗಳನ್ನು ಆಟಗಾರರ ಒಪ್ಪಂದಕ್ಕೇ ಬಿಡಲಾಗಿದೆ. ಮೊದಲ ಎಸೆತದಲ್ಲಿ ಇಬ್ಬರದೂ ಒಂದೇ ಅಂಕೆಯಾದರೆ ಪಣ ತಾನಾಗಿ ಇಮ್ಮಡಿಯೋ? ಪಣ ಒಮ್ಮೆಯೂ ಇಮ್ಮಡಿಯಾಗದಿದ್ದರೆ ದೊಡ್ಡ ಗೆಲುವನ್ನೂ ಒಂದೇ ಪಟ್ಟು ಎಣಿಸುವ ಜಾಕೋಬಿ ನಿಯಮ ಉಂಟೋ ಇಲ್ಲವೋ? ಇವನ್ನು ಹಣ ಇಟ್ಟು ಆಡುವವರು ಕೂರುವ ಮೊದಲೇ ಕೇಳಿಕೊಳ್ಳಬೇಕು. ಕೇಳದವನು ಆಮೇಲೆ ಗೊಣಗುವಂತಿಲ್ಲ.

ಈ ಅಭ್ಯಾಸಕ್ಕೆ ನಮ್ಮಲ್ಲಿ ಸಮೀಪದ್ದು ರಮ್ಮಿ. 1968ರಲ್ಲಿ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿದ್ದ ಎಲೆ ನೆನಪಿಡಬೇಕಾದ ಈ ಆಟ ಮುಖ್ಯವಾಗಿ ಕೌಶಲದ್ದು ಎಂದಿತು. ನಡೆಸುವವರು ಆಟದಿಂದಲೇ ಲಾಭ ಮಾಡಿಕೊಂಡರೆ ಬೇರೆ ಮಾತು ಎಂದೂ ಸೇರಿಸಿತು. ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಮು ಕೌಶಲದಾಟಕ್ಕೆ ರಕ್ಷಣೆ ಕೊಡುತ್ತದೆ. ಆ ನೆರಳಲ್ಲಿ ಊರೂರಿನ ರಿಕ್ರಿಯೇಶನ್ ಕ್ಲಬ್ಬುಗಳು ಬೆಳೆದವು, ಅವುಗಳ ಜತೆ ಒಂದು ಮೇಜಿನ ಮರ್ಯಾದೆಯೂ ಬೆಳೆಯಿತು. ಮೊದಲೇ ಡ್ರಾಪ್ ಆದರೆ 20, ನಡುವೆ ಬಿಟ್ಟರೆ 40, ಫುಲ್ ಕೌಂಟ್ 80. ರಾಂಗ್ ಶೋ ಮಾಡಿದವನಿಗೆ 80 ಬರೆಯುವುದು. ಬೇರೆಯವರ ಎಲೆ ಇಣುಕಬಾರದು, ಆಟ ಬಿಟ್ಟವನು ಬಾಯಿ ಬಿಡಬಾರದು, ಎತ್ತಿದ ಎಲೆಯನ್ನು ವಾಪಸು ಇಡುವಂತಿಲ್ಲ. ಇಲ್ಲಿ ಗುರುತು ಹಾಕಿದ ಎಲೆಗಿಂತ ದೊಡ್ಡ ರೋಗ ಇಬ್ಬರ ಒಳಒಪ್ಪಂದ. ಕೆಮ್ಮು, ಸಿಗರೇಟು ಹಿಡಿಯುವ ಬಗೆ, ಎಲೆ ಇಸ್ಪೇಟೋ ಆಟೀನೋ ಎಂದು ತಿಳಿಸುವ ಬೆರಳು. ಇದನ್ನು ಸಾಬೀತು ಮಾಡುವುದು ಕಷ್ಟ, ಅದಕ್ಕೇ ಸಾಬೀತಿನ ಗೋಜಿಗೆ ಯಾರೂ ಹೋಗುವುದಿಲ್ಲ: ಆ ಇಬ್ಬರನ್ನು ಇನ್ನು ಒಂದೇ ಮೇಜಿಗೆ ಕೂರಿಸುವುದಿಲ್ಲ, ಅಷ್ಟೆ.

ಆನ್‌ಲೈನ್ ರಮ್ಮಿ ಬಂದಾಗ ಈ ಮರ್ಯಾದೆಯೆಲ್ಲ ಪ್ರೋಗ್ರಾಮಿನೊಳಗೆ ಹೋಯಿತು. ಎಲೆ ಕಲಸುವುದು ಯಂತ್ರ, 80 ಬರೆಯುವುದು ಯಂತ್ರ, ಹಣ ಮೊದಲೇ ಖಾತೆಯಲ್ಲಿರುವುದರಿಂದ ಸೋತವನು ಜಾರುವ ಮಾತೇ ಇಲ್ಲ. ಸಭಿಕ ಮರಳಿ ಬಂದಂತಾಯಿತು, ಪಾಲೂ ಅವನದೇ, ಹೊಣೆಯೂ ಅವನದೇ. ಆದರೆ ದಾಳ ಮುಟ್ಟಿ ನೋಡುವ, ‘ಇನ್ನೊಮ್ಮೆ ಕಲಸಿ’ ಎನ್ನುವ ಹಕ್ಕು ಆಟಗಾರನ ಕೈ ತಪ್ಪಿತು. ಸಾಲಕ್ಕೆ ಬಿದ್ದ ಮನೆಗಳ ಸುದ್ದಿ ಬರತೊಡಗಿದ ಮೇಲೆ 2021ರ ಅಕ್ಟೋಬರಿನಲ್ಲಿ ಹಣದ ಆನ್‌ಲೈನ್ ಆಟ ನಿಷೇಧಿಸಲು ಪೊಲೀಸ್ ಕಾಯ್ದೆಗೆ ರಾಜ್ಯದ ತಿದ್ದುಪಡಿ ಬಂತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಕೌಶಲ, ಅದೃಷ್ಟ ಎಂಬ ಭೇದವನ್ನೇ ಪಕ್ಕಕ್ಕಿಟ್ಟು ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ; ಆಡುವವನಿಗೆ ಶಿಕ್ಷೆಯಿಲ್ಲ. ಅದೇ ಹದಿಮೂರು ಎಲೆಯನ್ನು ಕ್ಲಬ್ಬಿನ ಮೇಜಿನ ಮೇಲೆ ಹಾಕಿದರೆ 1968ರ ತೀರ್ಪು ಇನ್ನೂ ಅನ್ವಯಿಸುತ್ತದೆ.

ಫೋನಿನಲ್ಲಷ್ಟೇ ಆಡಿ ಕಲಿತ ಹುಡುಗರು ಈಗ ಮೇಜಿಗೆ ಬಂದರೆ ಎಲೆ ಕಲಸಲೂ ಬರುವುದಿಲ್ಲ, ಜೋಕರ್ ಎಷ್ಟು, ತೆರೆದ ಜೋಕರ್ ಎತ್ತಬಹುದೇ, ರಾಂಗ್ ಶೋಗೆ ಎಷ್ಟು ಎಂದು ಮೊದಲೇ ಕೇಳಬೇಕೆಂಬ ರೂಢಿಯೂ ಇಲ್ಲ. ಯಂತ್ರ ಅವರ ಪರವಾಗಿ ನೆನಪಿಟ್ಟುಕೊಂಡಿದ್ದ ಮಾತು ಅದು. ಹಳೆಯ ಆಟಗಾರರು ಮೊದಲ ಕೈ ಹಂಚುವ ಮೊದಲು ಅದನ್ನೆಲ್ಲ ಬಾಯಿಬಿಟ್ಟು ಹೇಳಿಸುತ್ತಾರೆ, ಒಪ್ಪದವನು ಆಗಲೇ ಏಳಬಹುದು.