ಅರಿಶಿನದ ಕರ್ಕ್ಯುಮಿನ್ ಮತ್ತು ಬಾಯಿಯ ಕ್ಯಾನ್ಸರ್

ಕೆಟ್ಟುಹೋದ ಜೀವಕೋಶವು ತನ್ನನ್ನು ತಾನೇ ಕ್ರಮಬದ್ಧವಾಗಿ ಅಳಿಸಿಕೊಳ್ಳುವ ಕ್ರಿಯೆಗೆ ಅಪೊಪ್ಟೋಸಿಸ್ ಎಂದು ಹೆಸರು. ಕ್ಯಾನ್ಸರ್ ಕೋಶಗಳು ಇದರಿಂದ ತಪ್ಪಿಸಿಕೊಂಡು ಬೆಳೆಯುತ್ತವೆ. ಅರಿಶಿನಕ್ಕೆ ಹಳದಿ ಬಣ್ಣವೀಯುವ ಕರ್ಕ್ಯುಮಿನ್, ಪ್ರಯೋಗಾಲಯದಲ್ಲಿ ಬೆಳೆಸಿದ ಬಾಯಿಯ ಕ್ಯಾನ್ಸರ್ ಕೋಶಗಳಲ್ಲಿ ಕ್ಯಾಸ್ಪೇಸ್ ಎಂಬ ಕಿಣ್ವಗಳನ್ನು ಪ್ರಚೋದಿಸಿ ಈ ಕ್ರಿಯೆಯನ್ನು ಮತ್ತೆ ಆರಂಭಿಸುತ್ತದೆ. ಆದರೆ ನಾವು ಉಂಡ ಅರಿಶಿನದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಅತ್ಯಲ್ಪ, ಅದು ಚಿಕಿತ್ಸೆಯಾಗದು. ಯೂ ಮರದ ಎಲೆಯ ಸತ್ವದಿಂದ ತಯಾರಾದ ಡೊಸಿಟ್ಯಾಕ್ಸೆಲ್ ಆದರೋ, ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಔಷಧವಾಗಿದೆ.

ಅಡಕೆ ಬೆಳೆಯುವ ಕಾಸರಗೋಡಿನ ನಾವು ಇನ್ನೊಂದನ್ನೂ ಅರಿಯಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬಾಯಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ, ಅರಿಶಿನ ಹಚ್ಚಿ ಕಾಯದೆ ವೈದ್ಯರಿಗೆ ತೋರಿಸಬೇಕು.