ಡೆಸ್ಕ್‌ಟಾಪ್ ಗಣಕಯಂತ್ರದ ವಿದ್ಯುತ್ ದೋಷಪತ್ತೆ

ಡೆಸ್ಕ್‌ಟಾಪ್ ಗಣಕಯಂತ್ರದ ವಿದ್ಯುತ್ ದೋಷಪತ್ತೆ ಎಂದರೆ ಬಿಡಿಭಾಗಗಳಿಂದ ಜೋಡಿಸಿದ ಗಣಕಯಂತ್ರವು ಚಾಲನೆಗೊಳ್ಳದಿದ್ದಾಗ, ಚಾಲನೆಗೊಂಡ ಕೂಡಲೇ ಆರಿಹೋದಾಗ ಅಥವಾ ಮುಟ್ಟಿದವರಿಗೆ ಶಾಕ್ ಹೊಡೆದಾಗ ಅದರ ಕಾರಣವನ್ನು ಕ್ರಮವಾಗಿ ಕಂಡುಹಿಡಿಯುವ ವಿಧಾನ. ಮೊದಲ ಬಾರಿಗೆ ಜೋಡಿಸಿದ ಯಂತ್ರಗಳಲ್ಲಿ ಇಂತಹ ತೊಂದರೆಗಳಿಗೆ ಅನೇಕ ವೇಳೆ ಕಾರಣವಾಗುವುದು ಕೆಟ್ಟ ಬಿಡಿಭಾಗವಲ್ಲ. ಸರಿಯಾಗಿ ಕೂರದ ಕನೆಕ್ಟರ್, ಮರೆತುಹೋದ ಕೇಬಲ್ ಅಥವಾ ಮನೆಯ ವೈರಿಂಗ್‌ನ ಲೋಪ. ಆದ್ದರಿಂದ ಭಾಗಗಳನ್ನು ಬದಲಾಯಿಸುವ ಮುನ್ನ ಗೋಡೆಯ ಸಾಕೆಟ್‌ನಿಂದ ಮದರ್‌ಬೋರ್ಡ್‌ವರೆಗೆ ವಿದ್ಯುತ್ ಹರಿಯುವ ದಾರಿಯನ್ನು ಹಂತಹಂತವಾಗಿ ಪರೀಕ್ಷಿಸಲಾಗುತ್ತದೆ.

ವಿದ್ಯುತ್ ಪೂರೈಕೆಯ ವ್ಯವಸ್ಥೆ

ಭಾರತದಲ್ಲಿ ಗೃಹಬಳಕೆಗೆ 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ ಪೂರೈಕೆಯಾಗುತ್ತದೆ. ಇದನ್ನು ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಾಗಿ ಪರಿವರ್ತಿಸುವ ಘಟಕಕ್ಕೆ ಎಸ್‌ಎಂಪಿಎಸ್ ಎಂದು ಹೆಸರು. ಇಂದಿನ ಬಹುತೇಕ ಡೆಸ್ಕ್‌ಟಾಪ್‌ಗಳು ಇಂಟೆಲ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾನದಂಡವನ್ನು ಆಧರಿಸಿವೆ. ಈ ಮಾನದಂಡದಲ್ಲಿ ತಂತಿಗಳ ಬಣ್ಣ ಮತ್ತು ಕಾರ್ಯ ಹೀಗಿವೆ:

- ಹಳದಿ: +12 ವೋಲ್ಟ್ (ಸ್ವೀಕಾರಾರ್ಹ ಮಿತಿ 11.40ರಿಂದ 12.60)
- ಕೆಂಪು: +5 ವೋಲ್ಟ್ (4.75ರಿಂದ 5.25)
- ಕಿತ್ತಳೆ: +3.3 ವೋಲ್ಟ್ (3.14ರಿಂದ 3.47)
- ನೇರಳೆ: +5 ವೋಲ್ಟ್ ಸ್ಟ್ಯಾಂಡ್‌ಬೈ
- ಹಸಿರು: ಚಾಲನೆಯ ಸಂಕೇತ
- ಬೂದು: ವಿದ್ಯುತ್ ಸರಿಯಿದೆ ಎಂಬ ಸಂಕೇತ
- ಕಪ್ಪು: ಗ್ರೌಂಡ್

ಯಂತ್ರ ಆರಿರುವಾಗಲೂ ಸ್ಟ್ಯಾಂಡ್‌ಬೈ ವಿದ್ಯುತ್ ಮದರ್‌ಬೋರ್ಡಿಗೆ ಹರಿಯುತ್ತಿರುತ್ತದೆ. ಪವರ್ ಬಟನ್ ಒತ್ತಿದಾಗ ಮದರ್‌ಬೋರ್ಡ್ ಹಸಿರು ತಂತಿಯನ್ನು ಗ್ರೌಂಡ್‌ಗೆ ಸೇರಿಸುತ್ತದೆ. ಆಗ ಎಸ್‌ಎಂಪಿಎಸ್‌ನ ಉಳಿದ ವೋಲ್ಟೇಜುಗಳು ಆರಂಭವಾಗುತ್ತವೆ. ಅವು ಸ್ಥಿರಗೊಂಡ ನಂತರ, 100ರಿಂದ 500 ಮಿಲಿಸೆಕೆಂಡುಗಳೊಳಗೆ ಬೂದು ತಂತಿಯಲ್ಲಿ ಸಂಕೇತ ಬರುತ್ತದೆ ಮತ್ತು ಸಿಪಿಯು ಕೆಲಸ ಆರಂಭಿಸುತ್ತದೆ. ಈ ಸರಪಳಿ ಎಲ್ಲಿ ತುಂಡಾಗಿದೆ ಎಂಬುದನ್ನು ತಿಳಿಯುವುದೇ ದೋಷಪತ್ತೆಯ ತಿರುಳು.

ಸುರಕ್ಷತೆ

ಒಳಭಾಗಗಳನ್ನು ಮುಟ್ಟುವ ಮುನ್ನ ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಮೈಯಲ್ಲಿ ಸಂಗ್ರಹವಾದ ಸ್ಥಿರವಿದ್ಯುತ್ತು ಸೂಕ್ಷ್ಮ ಚಿಪ್‌ಗಳನ್ನು ಹಾಳುಮಾಡಬಲ್ಲದಾದ್ದರಿಂದ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಆಗಾಗ ಮುಟ್ಟುತ್ತಿರಬೇಕು. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಉಳಿದಿರಬಹುದು. ಅದು ಪ್ರಾಣಕ್ಕೆ ಅಪಾಯಕಾರಿ.

ಯಂತ್ರ ಚಾಲನೆಗೊಳ್ಳದಿರುವುದು

ಬಟನ್ ಒತ್ತಿದರೂ ಫ್ಯಾನ್ ತಿರುಗದಿದ್ದರೆ, ಮೊದಲು ಅದೇ ಸಾಕೆಟ್‌ಗೆ ಬೇರೆ ಉಪಕರಣವನ್ನು ಹಾಕಿ ವಿದ್ಯುತ್ ಇದೆಯೇ ಎಂದು ನೋಡಬೇಕು. ಬಳಿಕ ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್, 24 ಪಿನ್‌ಗಳ ಮುಖ್ಯ ಕನೆಕ್ಟರ್ ಮತ್ತು ಮುಂಭಾಗದ ಬಟನ್‌ನ ಸಣ್ಣ ತಂತಿಗಳನ್ನು ಪರಿಶೀಲಿಸಬೇಕು. ಬಟನ್‌ನ ಎರಡು ತಂತಿಗಳನ್ನು ಹೇಗೆ ಜೋಡಿಸಿದರೂ ನಡೆಯುತ್ತದೆ. ಎಲ್‌ಇಡಿ ದೀಪದ ತಂತಿಗಳಿಗೆ ಮಾತ್ರ ಧನ ಮತ್ತು ಋಣ ತುದಿಗಳ ನಿಯಮವಿದೆ. ಬಟನ್ ಕೆಟ್ಟಿರುವ ಶಂಕೆಯಿದ್ದರೆ ಮದರ್‌ಬೋರ್ಡಿನ ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಮುಟ್ಟಿಸಿ ನೋಡಬಹುದು.

ಎಸ್‌ಎಂಪಿಎಸ್ ಅನ್ನು ಪ್ರತ್ಯೇಕವಾಗಿ ಪರೀಕ್ಷಿಸಲು, ಪ್ಲಗ್ ಕಿತ್ತಿರುವಾಗ ಅದರ ಎಲ್ಲ ಕೇಬಲ್‌ಗಳನ್ನು ಇತರ ಭಾಗಗಳಿಂದ ಬಿಡಿಸಿ, 24 ಪಿನ್ ಕನೆಕ್ಟರಿನ 16ನೇ ಪಿನ್ (ಹಸಿರು) ಮತ್ತು 17ನೇ ಪಿನ್ (ಕಪ್ಪು) ಎರಡನ್ನೂ ತಂತಿಯಿಂದ ಸೇರಿಸಿ, ಬಳಿಕ ವಿದ್ಯುತ್ ನೀಡಲಾಗುತ್ತದೆ. ಫ್ಯಾನ್ ತಿರುಗಿದರೆ ಘಟಕಕ್ಕೆ ಜೀವವಿದೆ ಎಂದಷ್ಟೇ ಅರ್ಥ. ಕಡಿಮೆ ಹೊರೆಯಲ್ಲಿ ಫ್ಯಾನ್ ನಿಲ್ಲಿಸುವ ಮಾದರಿಗಳೂ ಇರುವುದರಿಂದ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಅಳೆಯುವುದು ಹೆಚ್ಚು ವಿಶ್ವಾಸಾರ್ಹ.

ಕೂಡಲೇ ಆರಿಹೋಗುವುದು

ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಸಾಮಾನ್ಯವಾಗಿ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ, ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಅದನ್ನು ನಿಲ್ಲಿಸಿರುತ್ತದೆ. ಮದರ್‌ಬೋರ್ಡಿನಡಿ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು ಹಾಕದಿರುವುದು, ಸ್ಕ್ರೂ ರಂಧ್ರವಿಲ್ಲದ ಕಡೆ ಒಂದು ಸ್ಟ್ಯಾಂಡ್‌ಆಫ್ ಉಳಿದಿರುವುದು, ಕಳಚಿಬಿದ್ದ ಸ್ಕ್ರೂ ಬೋರ್ಡಿನ ಕೆಳಗೆ ಸೇರಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಸಿಪಿಯು, ಅದರ ಕೂಲರ್ ಮತ್ತು ಒಂದೇ ರ್‍ಯಾಮ್‌ನೊಂದಿಗೆ ಚಾಲನೆ ನೀಡಿದಾಗ ಸರಿಯಾಗಿ ನಡೆದರೆ ದೋಷ ಕ್ಯಾಬಿನೆಟ್ ಜೋಡಣೆಯಲ್ಲಿದೆ ಎಂದು ತಿಳಿಯಬಹುದು.

ಕೇಬಲ್ ಕಳಚುವ ಬಗೆಯ ಎಸ್‌ಎಂಪಿಎಸ್‌ಗಳಲ್ಲಿ ಬೇರೆ ಕಂಪನಿಯ ಅಥವಾ ಬೇರೆ ಮಾದರಿಯ ಕೇಬಲ್ ಬಳಸುವುದು ಗಂಭೀರ ತಪ್ಪು. ಎಸ್‌ಎಂಪಿಎಸ್ ಬದಿಯ ಪಿನ್‌ಗಳ ಕ್ರಮಕ್ಕೆ ಏಕರೂಪದ ಮಾನದಂಡವಿಲ್ಲ. ಕನೆಕ್ಟರ್ ಸರಿಯಾಗಿ ಕೂತರೂ 5 ವೋಲ್ಟ್ ಇರಬೇಕಾದಲ್ಲಿ 12 ವೋಲ್ಟ್ ಹರಿದು ಡಿಸ್ಕ್ ಅಥವಾ ಮದರ್‌ಬೋರ್ಡ್ ಸುಟ್ಟುಹೋಗಬಹುದು.

ಫ್ಯಾನ್ ತಿರುಗಿದರೂ ಚಿತ್ರ ಬಾರದಿರುವುದು

ಸಿಪಿಯುಗೆ ವಿದ್ಯುತ್ ನೀಡುವ 4 ಅಥವಾ 8 ಪಿನ್‌ಗಳ ಪ್ರತ್ಯೇಕ ಕೇಬಲ್ ಮರೆತರೆ ಈ ಲಕ್ಷಣ ಕಾಣಿಸುತ್ತದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕೇಬಲ್ ನೋಡಲು ಇದನ್ನೇ ಹೋಲುತ್ತದೆ. ಆದರೆ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಸ್ಥಾನಗಳು ಅದಲುಬದಲಾಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬಲವಂತವಾಗಿ ತುರುಕಬಾರದು. ಗ್ರಾಫಿಕ್ಸ್ ಕಾರ್ಡ್ ಸ್ಲಾಟ್‌ನಿಂದ 75 ವ್ಯಾಟ್‌ವರೆಗೆ ಪಡೆಯುತ್ತದೆ. 6 ಪಿನ್ ಕೇಬಲ್ ಇನ್ನೂ 75 ವ್ಯಾಟ್, 8 ಪಿನ್ ಕೇಬಲ್ 150 ವ್ಯಾಟ್ ಒದಗಿಸುತ್ತದೆ. ಎಲ್ಲ ಕೇಬಲ್ ಸರಿಯಿದ್ದರೆ ರ್‍ಯಾಮ್ ಅನ್ನು ತೆಗೆದು ಮತ್ತೆ ಕೂರಿಸುವುದು, ಮದರ್‌ಬೋರ್ಡಿನ ಬೀಪ್ ಸದ್ದು ಅಥವಾ ಸೂಚಕ ದೀಪಗಳನ್ನು ಕೈಪಿಡಿಯೊಂದಿಗೆ ಹೋಲಿಸುವುದು ಮುಂದಿನ ಹೆಜ್ಜೆ.

ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದು

ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಈ ಅನುಭವ ಸಾಮಾನ್ಯ. ಎಸ್‌ಎಂಪಿಎಸ್‌ನಲ್ಲಿ ವಿದ್ಯುತ್ ಗದ್ದಲವನ್ನು ತಡೆಯಲು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಇದ್ದಾಗ ಅವುಗಳ ಮೂಲಕ ಸೋರುವ ಅಲ್ಪ ವಿದ್ಯುತ್ತು ಭೂಮಿಗೆ ಹೋಗುತ್ತದೆ. ಇಲ್ಲದಿದ್ದಾಗ ಕವಚವು ಪೂರೈಕೆಯ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟ್‌ನಷ್ಟು ವೋಲ್ಟೇಜಿನಲ್ಲಿರುತ್ತದೆ. ಟೆಸ್ಟರ್ ತಾಗಿಸಿದರೆ ದೀಪ ಮಂದವಾಗಿ ಉರಿಯಬಹುದು.

ಈ ಸೋರಿಕೆ ತಾನಾಗಿ ದೊಡ್ಡ ಅಪಾಯವಲ್ಲ. ಆದರೆ ಅದು ಅರ್ಥಿಂಗ್ ಇಲ್ಲ ಎಂಬುದರ ಎಚ್ಚರಿಕೆ. ಮುಂದೆ ಒಳಗಿನ ನಿರೋಧಕ ಕೆಟ್ಟು ಫೇಸ್ ನೇರವಾಗಿ ಕವಚಕ್ಕೆ ತಗುಲಿದರೆ, ಫ್ಯೂಸ್ ಹೋಗದೆ ಇಡೀ ಕ್ಯಾಬಿನೆಟ್‌ನಲ್ಲಿ 230 ವೋಲ್ಟ್ ನಿಲ್ಲುತ್ತದೆ. ಮೂರು ಪಿನ್ ಪ್ಲಗ್‌ನ ದಪ್ಪ ಪಿನ್ನೇ ಅರ್ಥ್ ಆಗಿರುವುದರಿಂದ ಅದನ್ನು ಕತ್ತರಿಸುವುದಾಗಲಿ, ಎರಡು ಪಿನ್ ಅಡಾಪ್ಟರ್ ಬಳಸುವುದಾಗಲಿ ಸಲ್ಲದು. ಸಾಕೆಟ್‌ನಲ್ಲಿ ಅರ್ಥ್ ಅನ್ನು ನ್ಯೂಟ್ರಲ್‌ಗೆ ಸೇರಿಸುವುದು ಇನ್ನೂ ಅಪಾಯಕಾರಿ; ನ್ಯೂಟ್ರಲ್ ತಂತಿ ತುಂಡಾದರೆ ಕವಚಕ್ಕೆ ಫೇಸ್ ಬರುತ್ತದೆ. ಸರಿಯಾದ ಸಾಕೆಟ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರುತ್ತದೆ. ಈ ಅಳತೆಯನ್ನು ಮತ್ತು ದುರಸ್ತಿಯನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದು ಉಚಿತ.

ಹೊರೆ ಹೆಚ್ಚಿದಾಗ ಆರಿಹೋಗುವುದು

ಆಟ ಅಥವಾ ವಿಡಿಯೊ ಸಂಪಾದನೆಯ ವೇಳೆ ಮಾತ್ರ ಯಂತ್ರ ಆರಿದರೆ ಎಸ್‌ಎಂಪಿಎಸ್‌ನ ಸಾಮರ್ಥ್ಯದ ಕೊರತೆ ಅಥವಾ ಸಿಪಿಯು ಅತಿಯಾಗಿ ಬಿಸಿಯಾಗುವುದು ಕಾರಣವಾಗಿರಬಹುದು. ಕರೆಂಟ್ ಹೋಗಿ ಯುಪಿಎಸ್‌ಗೆ ಬದಲಾಗುವ ಕ್ಷಣದಲ್ಲಿ ಆರಿದರೆ ಯುಪಿಎಸ್‌ನ ಸಾಮರ್ಥ್ಯವನ್ನೂ ಅದು ನೀಡುವ ತರಂಗದ ರೂಪವನ್ನೂ ಪರಿಶೀಲಿಸಬೇಕು. ಶುದ್ಧ ಸೈನ್ ತರಂಗ ನೀಡದ ಯುಪಿಎಸ್‌ಗಳೊಂದಿಗೆ ಕೆಲವು ಆಧುನಿಕ ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳುವುದಿಲ್ಲ. ಸುಟ್ಟ ವಾಸನೆ, ಕಿಡಿ ಅಥವಾ ಹೊಗೆ ಕಂಡಲ್ಲಿ ಮುಂದಿನ ಪರೀಕ್ಷೆ ನಡೆಸದೆ, ಮುಖ್ಯ ಸ್ವಿಚ್ ಆರಿಸಿ, ಆ ಭಾಗವನ್ನು ವಾರಂಟಿಯಡಿ ಹಿಂದಿರುಗಿಸುವುದು ಸೂಕ್ತ.